ಓಡಿದ್ದು ಕಾಲು, ಹೆಸರು ಕೈಗೆ

ಬೆಂಗಳೂರಿನಲ್ಲಿ ಈಗ ಯಾರೂ ಸುಮ್ಮನೆ ಓಡುವುದಿಲ್ಲ. ವರದಿ ಸಲ್ಲಿಸುತ್ತಾರೆ. ಮ್ಯಾನೇಜರು ಕೇಳಿಲ್ಲ, ಮನೆಯವರು ಕೇಳಿಲ್ಲ, ಡಾಕ್ಟರು ಕೇಳಿಲ್ಲ. ಆದರೂ ಭಾನುವಾರ ಎಂಟು ಗಂಟೆಗೆಲ್ಲ ವಾಟ್ಸಾಪ್ ಗುಂಪಿನಲ್ಲಿ ನಕ್ಷೆ, ಗ್ರಾಫು, ಕಿಲೋಮೀಟರುವಾರು ಸ್ಪ್ಲಿಟ್ಟು ಬಂದು ಬೀಳುತ್ತವೆ. ಕೆಳಗೆ ಸಾಲಾಗಿ ಬೆಂಕಿಯ ಚಿತ್ರ, ಕೈ ಮುಗಿದ ಚಿತ್ರ, ಉಬ್ಬಿದ ತೋಳಿನ ಚಿತ್ರ.

ಆಮೇಲೆ ಶುರು ವ್ಯಾಖ್ಯಾನ. "ಐದನೇ ಕಿಲೋಮೀಟರಿನಲ್ಲಿ ನಾಲ್ಕು ಸೆಕೆಂಡ್ ಹೋಯ್ತು ನೋಡಿ. ಅಲ್ಲೇ ನನ್ನ ಓಟ ಕೆಟ್ಟಿದ್ದು." ಸಾಯಣಾಚಾರ್ಯರೂ ಇಷ್ಟು ಗಂಭೀರವಾಗಿ ಭಾಷ್ಯ ಬರೆದಿರಲಾರರು.

ನಾಲ್ಕು ಸೆಕೆಂಡ್. ಅದು ಹೋದದ್ದು ಇವರ ಕಾಲಿನಿಂದಲೋ, ಗಡಿಯಾರದ ಲೆಕ್ಕದಿಂದಲೋ? ಅದನ್ನು ಮಾತ್ರ ಯಾರೂ ಕೇಳುವ ಹಾಗಿಲ್ಲ.

ಕೇಳಿಬಿಡೋಣ. ಜಿಪಿಎಸ್ ಉಪಗ್ರಹಗಳು ಇರುವುದು ನೆಲದಿಂದ ಸುಮಾರು 20,200 ಕಿಲೋಮೀಟರ್ ಮೇಲೆ. ಅವು ಸಮಯ ಸಾರುತ್ತಾ ತಿರುಗುತ್ತವೆ. ಸಿಗ್ನಲ್ ಬರಲು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ನಿಮ್ಮ ಮಣಿಕಟ್ಟಿನ ಡಬ್ಬಿ ನೀವು ಎಲ್ಲಿದ್ದೀರಿ ಎಂದು ಅಂದಾಜು ಮಾಡುತ್ತದೆ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ, ಮೊಬೈಲ್ ಫೋನಿನ ಅಂದಾಜು ಸುಮಾರು 4.9 ಮೀಟರಿನೊಳಗೆ ಇರುತ್ತದೆ ಎಂದು ಅಮೆರಿಕ ಸರ್ಕಾರವೇ ಹೇಳುತ್ತದೆ. ಕಿಲೋಮೀಟರಿಗೆ 6 ನಿಮಿಷದ ಓಟಗಾರ ಒಂದು ಸೆಕೆಂಡಿನಲ್ಲಿ ಹೋಗುವುದು 2.78 ಮೀಟರ್. ಅಂದರೆ ನೀವು ಒಂದು ಸೆಕೆಂಡಿನಲ್ಲಿ ಓಡುವ ದೂರಕ್ಕಿಂತ ಉಪಗ್ರಹದ ಅನುಮಾನವೇ ದೊಡ್ಡದು.

ಹಾಗಂತ ಎಲ್ಲವೂ ಸುಳ್ಳಲ್ಲ. ಪಕ್ಕಪಕ್ಕದ ಸೆಕೆಂಡುಗಳ ತಪ್ಪುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ವಾಲುತ್ತವೆ. ಗಡಿಯಾರವೂ ಹಿಂದುಮುಂದಿನ ಅಂಕಿ ಬೆರೆಸಿ, ತೀಡಿ, ನಯ ಮಾಡಿ ತೋರಿಸುತ್ತದೆ. ಹಾಗಾಗಿ ಕಿಲೋಮೀಟರಿನ ಮಟ್ಟಕ್ಕೆ ಅದರ ಮರ್ಯಾದೆ ಉಳಿಯುತ್ತದೆ. ಆದರೆ ನೂರಕ್ಕೆ ಒಂದು ಪಾಲು ತಪ್ಪು ಸೇರಿಕೊಂಡರೂ ಸಾಕು. 10 ಕಿಲೋಮೀಟರಿಗೆ 100 ಮೀಟರ್. 6 ನಿಮಿಷದ ಪೇಸ್‌ನಲ್ಲಿ ಅದು 36 ಸೆಕೆಂಡ್.

ಇವರು ಪಿಬಿ, ಅಂದರೆ ಪರ್ಸನಲ್ ಬೆಸ್ಟ್, ಬಂತೆಂದು ಕೇಕ್ ಕತ್ತರಿಸುವುದು 8 ಸೆಕೆಂಡಿಗೆ.

ಮೊನ್ನೆ ಕಬ್ಬನ್ ಪಾರ್ಕಿನ ಸೆಂಟ್ರಲ್ ಲೈಬ್ರರಿ ಮುಂದೆ ಒಂದು ಗುಂಪು ಓಟ ಮುಗಿಸಿತು. ಒಟ್ಟಿಗೇ ಹೊರಟವರು. ಒಂದೇ ದಾರಿ, ಒಂದೇ ತಿರುವು, ಹೆಗಲಿಗೆ ಹೆಗಲು.

"ಸರ್, ನಿಮ್ದು ಎಷ್ಟು ತೋರಿಸ್ತು?"

"ಟೆನ್ ಪಾಯಿಂಟ್ ಒನ್ ನೈನ್. ನಂದು ಡ್ಯುಯಲ್ ಬ್ಯಾಂಡ್ ಅಲ್ವಾ, ಅಕ್ಯುರೇಟ್."

ಪಕ್ಕದವನದು 10.02. ಮೂರನೆಯವನದು 9.96. ಆ ಮನುಷ್ಯನ ಮುಖ ನೋಡಬೇಕಿತ್ತು. ಒಂದು ಮಾತೂ ಆಡಲಿಲ್ಲ. ಮತ್ತೆ ಓಡಲು ಶುರು ಮಾಡಿದ. ಎಲ್ಲಿಗೆ? ಎಲ್ಲಿಗೂ ಇಲ್ಲ. ನಿಲ್ಲಿಸಿದ್ದ ಕಾರುಗಳ ಪಕ್ಕ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಕಣ್ಣು ಪೂರ್ತಿ ಮಣಿಕಟ್ಟಿನ ಮೇಲೆ. ಎಳನೀರಿನವನು ಮಚ್ಚು ಎತ್ತಿದವನು ಹಾಗೇ ನಿಂತು ನೋಡಿದ. ಗಡಿಯಾರ ಪೀಂ ಅಂತು. 10.00. ದಕ್ಕಿತು.

ಫೋನಿಗೆ ಹೋದ ಮೇಲೆ ಆಪ್ ತೋರಿಸಿತು, 9.99.

ಗೆಳೆಯರು ಸಮಾಧಾನ ಮಾಡಿದರು. ಸಾವಿನ ಮನೆಯಲ್ಲೂ ಅಷ್ಟು ಮೆಲುದನಿ ಇರುವುದಿಲ್ಲ.

ಇದರಲ್ಲೊಂದು ಅಲಿಖಿತ ಶಾಸನ ಇದೆ. ಯಾರ ಗಡಿಯಾರ ಹೆಚ್ಚು ತೋರಿಸುತ್ತದೋ ಅದೇ ಅಕ್ಯುರೇಟ್. ಕಡಿಮೆ ತೋರಿಸಿದರೆ ಮರದ ನೆರಳು, ಮೋಡ, ಎತ್ತರದ ಕಟ್ಟಡ. ಪೇಸ್ ಚೆನ್ನಾಗಿ ಬಂದ ದಿನ ವಿಜ್ಞಾನ. ಕೆಟ್ಟ ದಿನ ಸಿಗ್ನಲ್ ಪ್ರಾಬ್ಲಂ. ಎಂಜಿ ರಸ್ತೆಯ ಗಾಜಿನ ಕಟ್ಟಡಗಳಿಗೆ ಬಡಿದು ಬರುವ ಸಿಗ್ನಲ್ ದೂರವನ್ನು ಉಬ್ಬಿಸಿದ ದಿನ ಇವರಲ್ಲಿ ಒಬ್ಬನಾದರೂ ದೂರು ಕೊಟ್ಟಿದ್ದಾನೆಯೇ? ನಕ್ಷೆ ತೆಗೆದು ನೋಡಿ. ಹಲಸೂರು ಕೆರೆಯ ನೀರಿನ ಮೇಲೆ ಓಡಿದ್ದಾರೆ. ಯೇಸುವಿಗೂ ನಡೆಯಲಷ್ಟೇ ಸಾಧ್ಯವಾಗಿತ್ತು.

ಮೇಖ್ರಿ ಸರ್ಕಲ್ ಅಂಡರ್‌ಪಾಸಿನಿಂದ ಹೊರಬಂದ ಕ್ಷಣ ಒಬ್ಬರ ಗ್ರಾಫು ಕಿಲೋಮೀಟರಿಗೆ 2 ನಿಮಿಷ 10 ಸೆಕೆಂಡ್ ತೋರಿಸಿತ್ತು. 2023ರ ಶಿಕಾಗೊದಲ್ಲಿ ಕೆಲ್ವಿನ್ ಕಿಪ್ಟಮ್ 2:00:35ರಲ್ಲಿ ಮ್ಯಾರಥಾನ್ ಮುಗಿಸಿ ವಿಶ್ವದಾಖಲೆ ಬರೆದಾಗ ಅವನ ಸರಾಸರಿ 2 ನಿಮಿಷ 51 ಸೆಕೆಂಡ್ ಇತ್ತು. ನಮ್ಮವರು ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. "ಬೆಸ್ಟ್ ಪೇಸ್" ಎಂಬ ಕಾಲಮ್ಮಿನಲ್ಲಿ ಅದೇ ಕೂತಿದೆ. ಕೂತಿರಲಿ ಬಿಡಿ ಅಂದರು.

ಇವರೆಲ್ಲ ಯಾರು? ಬಹುಪಾಲು ಎಂಜಿನಿಯರುಗಳು. ಸೋಮವಾರ ಆಫೀಸಿನಲ್ಲಿ ಕಿರಿಯನೊಬ್ಬ ಇಂಥ ಡೇಟಾ ತಂದಿಟ್ಟರೆ "ಔಟ್‌ಲೈಯರ್ ಯಾಕೆ ತೆಗೆದಿಲ್ಲ?" ಎಂದು ಮೀಟಿಂಗಿನಲ್ಲೇ ಚರ್ಮ ಸುಲಿಯುತ್ತಾರೆ. ಭಾನುವಾರ ಔಟ್‌ಲೈಯರಿಗೆ ಫ್ರೇಮು ಹಾಕಿಸುತ್ತಾರೆ.

ಗ್ರಾಫಿನ ಅಕ್ಷದ ಆಟವೂ ಇವರಿಗೆ ಗೊತ್ತಿಲ್ಲದ್ದೇನಲ್ಲ. ಆಪ್ ತನಗೆ ಬೇಕಾದ ಹಾಗೆ ಸ್ಕೇಲ್ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಹತ್ತು ಸೆಕೆಂಡಿನ ಏರಿಳಿತ ಪರದೆಯ ಮೇಲೆ ಚಾರ್ಮಾಡಿ ಘಾಟಿಯ ಹಾಗೆ ಕಾಣುತ್ತದೆ. ಕ್ಲೈಂಟಿನ ಮುಂದೆ ಇದೇ ಕೈಚಳಕ ತೋರಿಸಿ ಸಂಬಳ ತಗೊಳ್ಳುವವರು ತಮ್ಮದೇ ಗ್ರಾಫು ನೋಡಿ ಗಾಬರಿಯಾಗುತ್ತಾರೆ.

ಇನ್ನು ರೇಸಿನ ದಿನದ ರಂಪ. ಗುರಿ ಮುಟ್ಟಿ ಉಸಿರು ಹಿಂತಿರುಗುವ ಮೊದಲೇ ಬರುವ ಮಾತು ಒಂದೇ. "ಕೋರ್ಸ್ ಉದ್ದ ಇತ್ತು. ನನ್ನ ವಾಚಲ್ಲಿ 42.7 ಬಂತು." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಗ ಅವಳ ಕೈಗೂ ಒಂದು ಗಡಿಯಾರ ಸಿಕ್ಕಿದೆ.

ಮಾನ್ಯತೆ ಪಡೆದ ಮ್ಯಾರಥಾನ್ ದಾರಿಯನ್ನು ಉಪಗ್ರಹ ಅಳೆಯುವುದಿಲ್ಲ. ಸೈಕಲ್ ಅಳೆಯುತ್ತದೆ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಸಣ್ಣ ಎಣಿಕೆ ಯಂತ್ರ ಬಿಗಿದು, ಉಕ್ಕಿನ ಟೇಪಿನಲ್ಲಿ ಅಳೆದ ನೆಲದ ಮೇಲೆ ಅದನ್ನು ತಾಳೆ ನೋಡಿ, ಪ್ರತಿ ತಿರುವಿನಲ್ಲೂ ಓಟಗಾರ ಹೋಗಬಹುದಾದ ಅತಿ ಚಿಕ್ಕ ಗೆರೆ ಹಿಡಿದು ತುಳಿಯುತ್ತಾರೆ. ದಾರಿ ಅಪ್ಪಿತಪ್ಪಿಯೂ ಕಡಿಮೆಯಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಕೈ ಬಿಟ್ಟು ಕೊಡುತ್ತಾರೆ. ಪೂರ್ತಿ ಮ್ಯಾರಥಾನಿಗೆ 42 ಮೀಟರ್. ನೀವು ಆ ಚಿಕ್ಕ ಗೆರೆ ಹಿಡಿದು ಓಡಿದಿರಾ? ನೀರಿನ ಟೇಬಲ್ಲಿಗೆ ಎಡಕ್ಕೆ ಹೋದಿರಿ, ಫೋಟೊಗ್ರಾಫರ್ ಕಂಡ ಕಡೆ ಬಲಕ್ಕೆ ವಾಲಿದಿರಿ, ಸೆಲ್ಫಿ ಗುಂಪನ್ನು ಸುತ್ತಿ ಬಳಸಿದಿರಿ. ಅದರ ಮೇಲೆ ಗಡಿಯಾರದ ನಡುಕ ಬೇರೆ. ನೇರ ರಸ್ತೆಯಲ್ಲೂ ಅದು ಅಕ್ಕಪಕ್ಕ ತೂರಾಡುವ ಚುಕ್ಕಿಗಳನ್ನು ಜೋಡಿಸುತ್ತದೆ, ಜೋಡಿಸಿದ ಗೆರೆ ನಿಜಕ್ಕಿಂತ ಉದ್ದವಾಗುತ್ತದೆ. ಬಿಗಿ ತಿರುವಿನಲ್ಲಿ ಮೂಲೆ ಕತ್ತರಿಸಿ ಕಡಿಮೆ ಮಾಡುವುದೂ ಉಂಟು. ಇದನ್ನೆಲ್ಲ ಹೇಳಿದರೆ ಆಯೋಜಕರ ಏಜೆಂಟ್ ಅಂತ ಹಣೆಪಟ್ಟಿ ಹಚ್ಚುತ್ತಾರೆ.

ಲೆಕ್ಕ ಇಲ್ಲಿದೆ. 4 ಗಂಟೆಯ ಮ್ಯಾರಥಾನಿಗೆ ಕಿಲೋಮೀಟರಿಗೆ 5:41 ಬೇಕು. ಗಡಿಯಾರ ತೋರಿಸಿದ 5:41 ನಂಬಿ ಅದರ ಲೆಕ್ಕದ 42.7 ಕಿಲೋಮೀಟರ್ ಓಡಿದವನು ಗುರಿ ಮುಟ್ಟುವುದು 4 ಗಂಟೆ 3 ನಿಮಿಷಕ್ಕೆ. ಮಧ್ಯೆ ಪ್ರತಿ ಕಿಲೋಮೀಟರಿಗೂ ಒಂದು ಬೋರ್ಡ್ ನೆಟ್ಟಿತ್ತು. ಆಟೊ ಲ್ಯಾಪ್ ಆಫ್ ಮಾಡಿ, ಬೋರ್ಡ್ ಬಂದಾಗ ಒಂದು ಗುಂಡಿ ಒತ್ತಿದ್ದರೆ ನಿಜವಾದ ಸ್ಪ್ಲಿಟ್ ಸಿಗುತ್ತಿತ್ತು. ಅದಕ್ಕೆ ಬೆರಳು ಬೇಕು, ಉಪಗ್ರಹ ಬೇಡ. ಪುಕ್ಕಟೆ ಸಿಗುವುದಕ್ಕೆ ಬೆಲೆ ಎಲ್ಲಿದೆ?

ಅವನು ಹಾಕುವ ಫೋಟೊದಲ್ಲಿ ಆಯೋಜಕರ ಪ್ರಮಾಣಪತ್ರ ಇರುವುದಿಲ್ಲ. ಗಡಿಯಾರದ ಚಿತ್ರ ಇರುತ್ತದೆ. "ಫುಲ್ ಮ್ಯಾರಥಾನ್ ಡಿಸ್ಟೆನ್ಸ್ ಇನ್ ಸಬ್ ಫೋರ್." ಮ್ಯಾರಥಾನ್ ಮುಗಿದದ್ದು ಗುರಿಗಿಂತ ಅರ್ಧ ಕಿಲೋಮೀಟರ್ ಹಿಂದೆ, ಯಾವುದೋ ಬ್ಯಾರಿಕೇಡಿನ ಪಕ್ಕ.

ಆಟೊ ಪಾಝ್ ಎಂಬುದೊಂದಿದೆ. ನಿಂತರೆ ಗಡಿಯಾರವೂ ನಿಲ್ಲುತ್ತದೆ. ಸಿಗ್ನಲ್ಲಿನಲ್ಲಿ ನಿಂತದ್ದು ಇಲ್ಲ, ಶೂ ಲೇಸ್ ಕಟ್ಟಿದ್ದು ಇಲ್ಲ, ಬೆಂಚಿನ ಮೇಲೆ ಕೂತು ಪರಿಚಯದವರ ಮಗಳ ಮದುವೆ ವಿಚಾರಿಸಿದ್ದೂ ಇಲ್ಲ. "ಮೂವಿಂಗ್ ಟೈಮ್" ಮಾತ್ರ ಲೆಕ್ಕ. ಈ ಪದ್ಧತಿಯನ್ನು ಸರ್ಕಾರಿ ಕಾಮಗಾರಿಗಳಿಗೂ ಅನ್ವಯಿಸಿದರೆ ನಮ್ಮ ಊರಿನ ಪ್ರತಿ ಫ್ಲೈಓವರೂ ಆರು ತಿಂಗಳಲ್ಲಿ ಮುಗಿದದ್ದೇ.

ನೆಗೆಟಿವ್ ಸ್ಪ್ಲಿಟ್ ಎಂದರಂತೂ ಇವರಿಗೆ ಮೈಮೇಲೆ ಬರುತ್ತದೆ. ಎರಡನೇ ಅರ್ಧ ಮೊದಲರ್ಧಕ್ಕಿಂತ ಬೇಗ ಮುಗಿಸಬೇಕು. ಕಿಪ್ಟಮ್ ಶಿಕಾಗೊದಲ್ಲಿ ಹಾಗೇ ಮಾಡಿದ, 60:48 ಆಮೇಲೆ 59:47. ಕಿಪ್ಚೊಗೆ 2018ರ ಬರ್ಲಿನ್‌ನಲ್ಲಿ ಹಾಗೇ ಮಾಡಿದ. ಅದೇ ಕಿಪ್ಚೊಗೆ 2022ರ ಬರ್ಲಿನ್‌ನಲ್ಲಿ ಮೊದಲರ್ಧ 59:51, ಎರಡನೆಯದು 61:18 ಓಡಿ, ಪಾಸಿಟಿವ್ ಸ್ಪ್ಲಿಟ್‌ನಲ್ಲೇ ತನ್ನ ವಿಶ್ವದಾಖಲೆ ಮುರಿದ. ನಮ್ಮ ಗುಂಪಿನ ಪಂಡಿತರು ಅಂದು ಅಲ್ಲಿದ್ದರೆ "ಬ್ರೋ, ಸ್ಟಾರ್ಟಿಂಗಲ್ಲೇ ಜಾಸ್ತಿ ಹೊಡೆದುಬಿಟ್ರಿ" ಎಂದು ಅವನಿಗೂ ಪಾಠ ಹೇಳುತ್ತಿದ್ದರು. ಇವರ ನೆಗೆಟಿವ್ ಸ್ಪ್ಲಿಟ್‌ನ ಗುಟ್ಟು ಇಷ್ಟೇ. ಹೋಗುವಾಗ ಮಾತು, ಬರುವಾಗ ಹಸಿವು.

ಒಟ್ಟು ಸಮಯವನ್ನು ಬೇಕಾದ ತುಂಡಿಗೆ ಕತ್ತರಿಸಿ ಮೆರೆಸುವ ಚಟ ಬರೀ ಓಟಗಾರರದ್ದಲ್ಲ. ಇಡೀ ದೇಶಕ್ಕೆ ಬಂದ ಕಾಯಿಲೆ. 2020ರ ಫೆಬ್ರುವರಿ ನೆನಪಿದೆಯೇ? ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು, ಅಂದರೆ ಕಂಬಳದ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟು ಹೇಳಿ ಸುಮ್ಮನಾಗಿದ್ದರೆ ಅದು ಕೆಸರುಗದ್ದೆಯ ದೊಡ್ಡ ಸಾಧನೆಯಾಗಿ ಉಳಿಯುತ್ತಿತ್ತು. ಯಾರೋ ಕ್ಯಾಲ್ಕುಲೇಟರ್ ತೆಗೆದರು. ಭಾಗಿಸಿದರು. 100 ಮೀಟರಿಗೆ 9.55. ಬೋಲ್ಟ್‌ನ 9.58 ಧೂಳೀಪಟ!

ಆ 9.55 ಸೆಕೆಂಡನ್ನು ಯಾವ ಗಡಿಯಾರವೂ ನೋಡಿಲ್ಲ. 100 ಮೀಟರಿನಲ್ಲಿ ಯಾರೂ ಗೆರೆ ಎಳೆದಿರಲಿಲ್ಲ. ಅದು ಓಟದ ಸಮಯವಲ್ಲ, ತ್ರೈರಾಶಿ. 2009ರಲ್ಲಿ ಬರ್ಲಿನ್‌ನಲ್ಲಿ ಬೋಲ್ಟ್ ಮೊದಲ 20 ಮೀಟರಿಗೆ 2.89 ಸೆಕೆಂಡ್ ತೆಗೆದುಕೊಂಡ, 60ರಿಂದ 80ನೇ ಮೀಟರಿಗೆ 1.61. ಮನುಷ್ಯ ಓಡುವುದು ಹಾಗೆ, ಸಮಪಾಲಿನಲ್ಲಿ ಅಲ್ಲ. ಬೋಲ್ಟ್‌ನನ್ನು ಎಳೆಯಲು ಮುಂದೆ ಎರಡು ಕೋಣಗಳೂ ಇರಲಿಲ್ಲ. ಅಷ್ಟಾದರೂ ಹೊಳೆಯಬೇಕಿತ್ತು. ಟಿವಿಯವರು ಅಬ್ಬರಿಸಿದರು, ಉದ್ಯಮಿಗಳು ಟ್ವೀಟಿಸಿದರು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಟ್ರಯಲ್ಸಿಗೆ ಆಹ್ವಾನ ಕಳಿಸಿದರು. ಕೆಲವೇ ದಿನಗಳಲ್ಲಿ ಇನ್ನೊಬ್ಬ ಕಂಬಳ ಓಟಗಾರ ಇನ್ನೂ ಕಡಿಮೆ ಸಮಯ ತಂದರು. ಮತ್ತೆ ಕ್ಯಾಲ್ಕುಲೇಟರ್, ಮತ್ತೆ ದಾಖಲೆ. ಕರ್ನಾಟಕದಲ್ಲಿ ವಾರಕ್ಕೊಬ್ಬ ಬೋಲ್ಟ್.

ಇಡೀ ಪ್ರಸಂಗದಲ್ಲಿ ಲೆಕ್ಕ ಸರಿಯಾಗಿ ಗೊತ್ತಿದ್ದವರು ಗೌಡರೊಬ್ಬರೇ. ಟ್ರಯಲ್ಸಿಗೆ ಹೋಗಲಿಲ್ಲ. ಕಂಬಳಕ್ಕೆ ಹೋದರು.

ಇತ್ತ ನಗರದಲ್ಲಿ ಹೃದಯವನ್ನೂ ಗ್ರಾಫಿಗೆ ಹಚ್ಚಿದ್ದಾರೆ. 220ರಿಂದ ವಯಸ್ಸು ಕಳೆ, ಅದೇ ನಿನ್ನ ಗರಿಷ್ಠ ಬಡಿತ. 1970ರ ದಶಕದ ಆರಂಭದಲ್ಲಿ ಅಮೆರಿಕದ ಫಾಕ್ಸ್ ಮತ್ತು ಹ್ಯಾಸ್ಕೆಲ್ ಎಂಬ ವೈದ್ಯಕೀಯ ಸಂಶೋಧಕರು ಬೇರೆಬೇರೆ ಅಧ್ಯಯನಗಳ ಅಂಕಿಗಳ ಮೇಲೆ ಎಳೆದ ಅಂದಾಜಿನ ಗೆರೆ ಅದು. ಒಂದೇ ವಯಸ್ಸಿನವರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಇರುವುದು ತೀರಾ ಮಾಮೂಲು. ಆ ಗೆರೆಯ ಮೇಲೆ ಝೋನ್ ಒಂದು, ಝೋನ್ ಎರಡು ಎಂದು ಐದು ಬಣ್ಣ ಬಳಿದಿದ್ದಾರೆ. ಹಸಿರು ದಾಟಿದರೆ ಗಡಿಯಾರ ಕಿರುಚುತ್ತದೆ. ಆರೋಗ್ಯವಾಗಿರುವ ನಲವತ್ತರ ಗಂಡಸು ಲಾಲ್‌ಬಾಗ್ ಬಂಡೆಯ ಬುಡದಲ್ಲಿ, ಉಸಿರೂ ಏರದೆ, ಅಪ್ಪಣೆಗಾಗಿ ಕಾಯುತ್ತಾ ನಿಲ್ಲುತ್ತಾನೆ.

ಆ ಬಡಿತವಾದರೂ ಹೃದಯದ್ದೇ? ಮಣಿಕಟ್ಟಿನ ಹಸಿರು ದೀಪ ಎಷ್ಟೋ ಸಲ ರಕ್ತದ ಮಿಡಿತ ಬಿಟ್ಟು ಕೈ ಬೀಸುವ ಲಯವನ್ನೇ ಹಿಡಿದುಬಿಡುತ್ತದೆ. ನಿಮಿಷಕ್ಕೆ 172 ಹೆಜ್ಜೆ, 172 ಬಡಿತ, ಗ್ರಾಫು ಗಾರೆ ನೆಲದಷ್ಟು ಸಪಾಟು. "ಏನ್ ಥ್ರೆಶೋಲ್ಡ್ ಕಂಟ್ರೋಲ್ ಸರ್ ನಿಮ್ದು!" ಎಂದು ಗುಂಪು ಉಘೇ ಅನ್ನುತ್ತದೆ. ಇವರು ಹೊಗಳುತ್ತಿರುವುದು ಕಾಲನ್ನು. ಎದೆಯ ಸುದ್ದಿ ಯಾರಿಗೂ ತಲುಪಿಲ್ಲ.

ಹೆಜ್ಜೆಯ ಲೆಕ್ಕದ್ದೂ, ಇವರ ಭಾಷೆಯಲ್ಲಿ ಕೇಡೆನ್ಸಿನದ್ದೂ, ಒಂದು ಪುರಾಣ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿದರು. ಬಹುತೇಕರು ನಿಮಿಷಕ್ಕೆ 180 ಅಥವಾ ಅದಕ್ಕೂ ಹೆಚ್ಚು. ಅವರು ಒಲಿಂಪಿಕ್ ಫೈನಲ್ಲಿನಂಥ ರೇಸುಗಳಲ್ಲಿ ಪ್ರಾಣ ಒತ್ತೆ ಇಟ್ಟು ಓಡುತ್ತಿದ್ದವರು. ಇವರು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕಾಫಿಗೆ ಹೊರಟವರು. ಸಂಖ್ಯೆ ಮಾತ್ರ ಅದೇ ಬೇಕು, 180. ಅದಕ್ಕೆ ಮೆಟ್ರೊನೋಮ್ ಆಪ್ ಬೇರೆ.

ಮುಗಿಸಿ ಬಂದ ಮೇಲೆ ಗಡಿಯಾರದ ತೀರ್ಪು. "ಅನ್‌ಪ್ರೊಡಕ್ಟಿವ್." ವಾರವಿಡೀ ಅಪ್ರೈಸಲ್ಲಿನಲ್ಲಿ ಕೇಳಿದ ಮಾತನ್ನೇ ಭಾನುವಾರ ಅರವತ್ತು ಸಾವಿರ ಕೊಟ್ಟು ಮನೆಗೆ ತಂದುಕೊಂಡಿದ್ದಾರೆ.

ದೇಶಭಕ್ತರದ್ದು ಬೇರೆಯೇ ಕತೆ. ಚೀನಾದ ಮಾಲು ಬಹಿಷ್ಕರಿಸಿ ಎಂದು ಬೆಳಗ್ಗೆ ಫಾರ್ವರ್ಡ್ ಮಾಡಿದವರು ಸಂಜೆ ಗಡಿಯಾರದಲ್ಲಿ "ಆಲ್ ಸಿಸ್ಟಮ್ಸ್" ಆನ್ ಮಾಡಿ ಓಡುತ್ತಾರೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ ಜೊತೆ ಚೀನಾದ ಬೈಡೌ ಕೂಡ ಇವರ ಪೇಸ್ ಲೆಕ್ಕ ಹಾಕುತ್ತಿದೆ. ಹತ್ತು ಮೀಟರ್ ಹೆಚ್ಚು ಸಿಗುವುದಾದರೆ ಶತ್ರುವಿನ ಉಪಗ್ರಹವೂ ನೆಂಟ.

ಗೋಪ್ಯತೆಯ ಹೋರಾಟಗಾರರೂ ಇದ್ದಾರೆ. ಹೋಟೆಲಿನಲ್ಲಿ ಆಧಾರ್ ಕೇಳಿದರೆ ಸುಪ್ರೀಂ ಕೋರ್ಟ್ ತೀರ್ಪು ಎತ್ತಿ ಆಡುತ್ತಾರೆ. ಅವರ ಓಟದ ನಕ್ಷೆ ಮಾತ್ರ ದಿನಾ ಮನೆಯ ಗೇಟಿನಿಂದ ಶುರುವಾಗಿ ಗೇಟಿಗೇ ಮುಗಿಯುತ್ತದೆ, ಸಮಯದ ಸಮೇತ, ಊರಿಗೆಲ್ಲ ಕಾಣುವ ಹಾಗೆ. 2018ರ ಜನವರಿಯಲ್ಲಿ ಓಟದ ಆಪ್ ಸ್ಟ್ರಾವಾದ ಹೀಟ್‌ಮ್ಯಾಪ್ ಮರುಭೂಮಿಯಲ್ಲಿದ್ದ ಸೇನಾ ನೆಲೆಗಳ ಸುತ್ತ ಸೈನಿಕರು ಓಡಿದ ಗೆರೆಗಳನ್ನು ಮಿನುಗಿಸಿ ಜಗತ್ತಿಗೇ ತೋರಿಸಿತ್ತು. ಸೈನ್ಯಗಳು ಎಚ್ಚೆತ್ತವು. ನಮ್ಮ ಬಡಾವಣೆ ಎಚ್ಚೆತ್ತಿಲ್ಲ.

2020ರ ಜುಲೈನಲ್ಲಿ ಗಡಿಯಾರದ ಕಂಪನಿ ಗಾರ್ಮಿನ್ನಿನ ಸರ್ವರುಗಳು ಸೈಬರ್ ದಾಳಿಗೆ ಸಿಕ್ಕಿ ಕೆಲವು ದಿನ ಮಲಗಿದವು. ಅಪ್‌ಲೋಡ್ ಇಲ್ಲ. ಜಗತ್ತಿನಾದ್ಯಂತ ಓಟಗಾರರು ಗೋಳಾಡಿದರು, ಓಡಿದ ಓಟ ಓಟವೇ ಅಲ್ಲ ಎಂಬಂತೆ. ಇಂಡೊನೇಷ್ಯಾದಲ್ಲಿ 2024ರ ಹೊತ್ತಿಗೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ದುಡ್ಡು ಕೊಟ್ಟರೆ ನಿಮ್ಮ ಹೆಸರಿನಲ್ಲಿ ಬೇರೊಬ್ಬ ಓಡಿ ಕೊಡುತ್ತಾನೆ. ಪೇಸ್‌ಗೆ ತಕ್ಕ ರೇಟು. ನಮ್ಮಲ್ಲಿ ಹರಕೆಯ ಉರುಳುಸೇವೆಯನ್ನೂ ಬದಲಿ ಆಳಿಗೆ ವಹಿಸಿದವರಿದ್ದಾರೆ, ಇದು ಬರಲು ತಡವೇನೂ ಆಗದು.

ಈ ಗ್ರಾಫುಗಳಲ್ಲಿ ನಂಬಬಹುದಾದ ಸಂಗತಿ ಏನೂ ಇಲ್ಲವೇ? ಇದೆ. ಮೂರೂವರೆ ಕಿಲೋಮೀಟರಿನ ಹತ್ತಿರ ಪೇಸ್ ಸರ್ರನೆ ಏರಿದೆ ನೋಡಿ, ಅದು ಅಪ್ಪಟ ಸತ್ಯ. ಬೀದಿನಾಯಿ ಅಟ್ಟಿಸಿಕೊಂಡು ಬಂದಿತ್ತು. ನಾಲ್ಕರಲ್ಲಿ ತಟಕ್ಕನೆ ಕುಸಿದಿದೆ, ಅದೂ ಸತ್ಯ. ಫುಟ್‌ಪಾತಿನ ಚಪ್ಪಡಿ ಮಾಯವಾಗಿತ್ತು. ಬೆಳಗ್ಗೆ ಐದಕ್ಕೆ ರಸ್ತೆಗೆ ಇಳಿಯಲು ಅಂಜಿ, ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೇ ಗಾಣದೆತ್ತಾಗಿ ಸುತ್ತುವ ಹೆಂಗಸರ ನಕ್ಷೆ ನೋಡಿದ್ದೀರಾ? ನಾಲ್ಕು ಕಡೆ ಹದಿನಾಲ್ಕು ಮಹಡಿ, ಮಧ್ಯೆ ಪುಟ್ಟ ಸುತ್ತು. ಉಪಗ್ರಹಕ್ಕೆ ತಲೆಬುಡ ಸಿಗದೆ ಮಗು ಪೆನ್ಸಿಲ್ ಗೀಚಿದ್ದನ್ನು ವಾಪಸ್ ಕೊಡುತ್ತದೆ. ಆ ಗೀಚಿನಲ್ಲಿ ಈ ನಗರದ ಬೀದಿದೀಪ, ಪೊಲೀಸ್ ಗಸ್ತು, ಗಂಡಸರ ನೋಟ ಎಲ್ಲದರ ಲೆಕ್ಕವೂ ಇದೆ. ಅದನ್ನು ಓದುವ ಕೋಚ್ ಹುಟ್ಟಿಲ್ಲ. ಅವನಿಗೆ ಕಾಣುವುದು "ಪೇಸ್ ಇನ್‌ಕನ್ಸಿಸ್ಟೆಂಟ್" ಅಷ್ಟೇ.

ಕೋಚುಗಳ ವಿಷಯ ಬಂತಲ್ಲ. ತಿಂಗಳಿಗಿಷ್ಟು ಎಂದು ಫೀಸು ಕಟ್ಟಿದರೆ ಇವರು ಓಡುವುದನ್ನು ಕಣ್ಣಲ್ಲಿ ನೋಡದೆ, ಎಲ್ಲೋ ಕೂತು ಗ್ರಾಫು ನೋಡಿ ಸಲಹೆ ಕಳಿಸುತ್ತಾರೆ. ನಮ್ಮ ಬೀದಿಯ ಸಜ್ಜನರೊಬ್ಬರು ಹೋದ ತಿಂಗಳು ಓಟ ಮುಗಿಸಿ ಗಡಿಯಾರ ನಿಲ್ಲಿಸುವುದನ್ನೇ ಮರೆತು ಆಟೊ ಹತ್ತಿ ಮನೆಗೆ ಬಂದರು. ಸಾಮಾನ್ಯವಾಗಿ ಆಪ್ ಇಂಥದ್ದನ್ನು ಹಿಡಿಯುತ್ತದೆ, ವಾಹನದ ವೇಗ ಕಂಡರೆ ಅನುಮಾನ ಪಡುತ್ತದೆ. ಇಲ್ಲಿ ಪಡಲಿಲ್ಲ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಟೊದ ಸರಾಸರಿಯೂ ಓಟಗಾರನ ಸರಾಸರಿಯೂ ಒಂದೇ ಆಗಿತ್ತು. ಅವರಿಗೆ ಆ ತಿಂಗಳ ಅತಿ ಉದ್ದದ ಓಟದ ಪದಕ ಸಿಕ್ಕಿತು. ಗುಂಪು ಹೆಬ್ಬೆರಳು ಎತ್ತಿತು. ಅವರು ಅದನ್ನು ಅಳಿಸಿಲ್ಲ.

ಕೋಚ್ ಸಂಜೆಯೇ ಪೂರ್ತಿ ಗ್ರಾಫು ಓದಿ ಮೆಸೇಜ್ ಹಾಕಿದ. "ಸೂಪರ್ ಎಂಡ್ಯೂರೆನ್ಸ್ ಸರ್! ಲಾಸ್ಟ್ ನಾಲ್ಕು ಕಿಲೋಮೀಟರಲ್ಲಿ ಹಾರ್ಟ್ ರೇಟ್ ಎಷ್ಟು ಚೆನ್ನಾಗಿ ಕಂಟ್ರೋಲ್ ಮಾಡಿದೀರಾ. ಕೇಡೆನ್ಸ್ ಒಂದು ಸ್ವಲ್ಪ ಕಮ್ಮಿ ಇದೆ, ಗಮನ ಕೊಡಿ."